ಎರಡು ಜೊತೆ ಸ್ಪೀಕರು, ಒಂದು ಖುರ್ಚಿ

ವೋರಾ ಶೇಠರ ರೆಕಾರ್ಡಿಂಗ್ ಕೋಣೆಯಲ್ಲಿ ಒಂದು ಜೊತೆ ಸ್ಪೀಕರಿಗಷ್ಟೇ ಜಾಗವಿತ್ತು. ಚಂದ್ರಾಮನ ಪಾಡು ಶುರುವಾದದ್ದು ಅಲ್ಲಿಂದಲೇ.

ಫೋರ್ಟಿನ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆಯ ಆ ಕೋಣೆ, ಎರಡು ಕಪಾಟುಗಳ ನಡುವೆ ಉಳಿದ ಸಂದಿಯಂತಿತ್ತು. ಹಗಲು ಅಲ್ಲಿ ರೇಡಿಯೋ ಜಾಹೀರಾತುಗಳ ಕೆಲಸ. ತಲೆಗೆಣ್ಣೆ, ಹಲ್ಲುಪುಡಿ, ಸೀರೆ ಅಂಗಡಿ. ಮಾತನ್ನು ಒಂದು ಟೇಪಿನಲ್ಲಿ, ತಬಲ ಪಿಟೀಲನ್ನು ಇನ್ನೊಂದರಲ್ಲಿ ಹಿಡಿದುಕೊಂಡು, ಎರಡನ್ನೂ ಹದವಾಗಿ ಬೆರೆಸಬೇಕು. ಆ ಬೆರೆಸುವ ಕೆಲಸಕ್ಕೆ ಮಿಕ್ಸಿಂಗ್ ಎಂದು ಹೆಸರು. ಸಂಜೆಯಾದರೆ ಅದೇ ಕೋಣೆ ಶೇಠರ ಬೈಠಕ್. ಗೆಳೆಯರು ಬಂದು ಸೋಫಾದಲ್ಲಿ ಒರಗಿ ಗಜಲ್ ಕೇಳುವರು. ಹಳೆಯ ಸ್ಪೀಕರುಗಳು ಎರಡೂ ಕೆಲಸ ಮಾಡಿ ಮಾಡಿ ಕೊನೆಗೆ ಕೆಮ್ಮತೊಡಗಿದ್ದವು. ವಿಲೆ ಪಾರ್ಲೆಯ ವ್ಯಾಪಾರಿಯೊಬ್ಬ ಹೊಸವು ಎರಡು ಜೊತೆ ಕಳಿಸಿ, ಬೇಕಾದ ಜೊತೆ ಇಟ್ಟುಕೊಂಡು ಬೇಡವಾದದ್ದನ್ನು ಭಾನುವಾರವೇ ಹಿಂದಿರುಗಿಸಬೇಕೆಂದು ತಿಳಿಸಿದ್ದ.

ಒಂದು ಜೊತೆ ಸಾಗವಾನಿ ಕಟ್ಟಿಗೆಯದು, ಕನ್ನಡಿಯಂತೆ ಹೊಳೆಯುವುದು. ಇನ್ನೊಂದು ಜೊತೆ ಮಸಿ ಬಳಿದಂಥ ಕರಿಯದು. ಅದಕ್ಕೆ ಅಲಂಕಾರವೆಂಬುದೇ ಇರಲಿಲ್ಲ.

ಶೇಠರಿಗೆ ಕಿವಿಗಳಿದ್ದದ್ದು ಮುಖ ಭರ್ತಿಯಾಗಲೆಂದು. ಮೂಲತಃ ಬಟ್ಟೆ ವ್ಯಾಪಾರಿ. ಕಣ್ಣು ಮುಚ್ಚಿಕೊಂಡು ಬೆರಳ ತುದಿಯಿಂದ ಯಾವ ಗಿರಣಿಯ ಪಾಪ್ಲಿನ್ ಎಂದು ಹೇಳಬಲ್ಲರು, ಆದರೆ ತಬಲದ ಪೆಟ್ಟಿಗೂ ಬಾಗಿಲು ಬಡಿದದ್ದಕ್ಕೂ ವ್ಯತ್ಯಾಸ ತಿಳಿಯದು. ಹನ್ನೊಂದು ವರ್ಷ ಅವರ ಪರವಾಗಿ ಕೇಳಿಸಿಕೊಂಡವನು ಪಿಂಟೊ ಎಂಬ ಮಿಕ್ಸಿಂಗ್ ಮಾಡುವವನು. ಅವನು ರಜೆಯ ಮೇಲೆ ಗೋವಾಕ್ಕೆ ಹೋದವನು ಅಲ್ಲೇ ಉಳಿದುಬಿಟ್ಟ. ಮಿಕ್ಸಿಂಗ್ ಮೇಜಿನ ಮುಂದೆ ಅವನು ಕೂರುತ್ತಿದ್ದ ತಿರುಗುವ ಖುರ್ಚಿ ಒಂದು ತಿಂಗಳಿಂದ ಖಾಲಿ.

ಆ ಖುರ್ಚಿಯನ್ನು ಚಂದ್ರಾಮ ಒಂಬತ್ತು ವರ್ಷದಿಂದ ನೋಡುತ್ತಿದ್ದ. ಯಾದಗಿರಿಯ ಕಡೆಯಿಂದ ಬಂದವನು. ಮೈಕು ಹೂಡುವುದು, ವೈರು ಸುತ್ತುವುದು, ಮಾತನಾಡಲು ಬಂದವರಿಗೆ ಚಹಾ ತರಿಸುವುದು ಅವನ ಕೆಲಸ. ಮಾತು ಕಡಿಮೆ. ಬೇರೆಯವರು ಹಾಡನ್ನು ಕೇಳುವಾಗ ಅವನು ಹಾಡಿನ ಸಾಲುಗಳ ನಡುವಿನ ಬಿಡುವನ್ನು ಕೇಳುತ್ತಿದ್ದ. ತನ್ನ ಕಿವಿಯ ಬಗ್ಗೆ ಅವನಿಗೆ ಒಳಗೊಳಗೇ ಬಹಳ ಹೆಮ್ಮೆ. ಅದನ್ನು ಅವನು ಬಾಯಿಬಿಟ್ಟು ಹೇಳಿದ್ದು ಹೆಂಡತಿ ಅಕ್ಕುವಿನ ಮುಂದೆ ಮಾತ್ರ. ಅಕ್ಕು ಹೇಳಿದ್ದು ಅವರಿದ್ದ ಸಾಲುಕೋಣೆಗಳ ಇಡೀ ಚಾಳಿಗೆ.

ಶನಿವಾರ ಶೇಠರು ಅವನನ್ನು ಕರೆದು ಹಿಂದಿಯಲ್ಲಿ ಹೇಳಿದರು: “ಒಂದೇ ಜೊತೆ ಎರಡೂ ಕೆಲಸಕ್ಕೆ ಬರಬೇಕು, ಚಂದ್ರಾಮ್. ಮಿಕ್ಸಿಂಗ್ ಮಾಡುವಾಗ ತಪ್ಪು ತೋರಿಸಬೇಕು, ಸಂಜೆ ಕೂತು ಕೇಳಿದರೆ ಮಜಾ ಕೊಡಬೇಕು. ನೀನು ಆರಿಸು. ಆರಿಸಿದ್ದು ಸರಿಹೋದರೆ ಪಿಂಟೊನ ಖುರ್ಚಿಯ ವಿಚಾರ ನಾಳೆಯೇ ತೀರ್ಮಾನ.”

ಚಂದ್ರಾಮ ಅಂದು ಮಧ್ಯಾಹ್ನವೆಲ್ಲ ಒಬ್ಬನೇ ಕೂತು ಕೇಳಿದ. ಸಾಗವಾನಿಯಲ್ಲಿ ಏನು ಹಾಕಿದರೂ ತುಪ್ಪ ಸುರಿದಂತೆ. ಹಲ್ಲುಪುಡಿಯ ಜಾಹೀರಾತಿಗೂ ಕಣ್ಣು ತುಂಬಿ ಬರಬೇಕು. ಕರಿಯ ಜೊತೆ ಇದ್ದದ್ದನ್ನು ಇದ್ದಂತೆ ಹೇಳಿ ಸುಮ್ಮನಾಗುತ್ತಿತ್ತು, ಸಾಕ್ಷಿಕಟ್ಟೆಯಲ್ಲಿ ನಿಂತ ಮುನಿಸಿಪಾಲಿಟಿ ನೌಕರನ ಹಾಗೆ. ತಪ್ಪು ಹಿಡಿಯಲು ಕರಿಯದೇ ಸರಿ ಎಂದು ಅವನ ಕಿವಿ ಹೇಳಿತು. ಆದರೆ ಮಜಾ? ಅದಕ್ಕೆ ಅವನ ಒಬ್ಬನ ಕಿವಿ ಸಾಲದು. ಗೋಡೆಗೆ ಗಾದಿ ಬಡಿದ ಆ ಕೋಣೆಯೂ ಸಾಲದು. ಜನ ಹಾಡು ಕೇಳುವುದು ಮಕ್ಕಳು ಅಳುವ, ಸ್ಟೋ ಉರಿಯುವ ಮನೆಗಳಲ್ಲಿ. ಭಾಂಡುಪಿನ ತನ್ನ ಚಾಳಿಗೆ ಒಯ್ದು ಪರೀಕ್ಷೆ ಮಾಡಿ, ನಾಳೆ ಸಂಜೆ ಐದಕ್ಕೆ ತರುತ್ತೇನೆಂದು ಕೇಳಿದಾಗ ಶೇಠರು ಕೈ ಬೀಸಿ ಒಪ್ಪಿದರು.

ಭಾನುವಾರ ಬೆಳಿಗ್ಗೆ ನಾಲ್ಕು ಸ್ಪೀಕರು, ಟೇಪು ಯಂತ್ರ, ಆಂಪ್ಲಿಫೈಯರು ಎಲ್ಲವನ್ನೂ ಹಮಾಲರಿಬ್ಬರಿಂದ ಹೊರಿಸಿಕೊಂಡು ಲೋಕಲ್ಲಿನ ಲಗೇಜ್ ಡಬ್ಬಿ ಹತ್ತಿದ. ಮಸೀದಿ ಬಂದರಿನಲ್ಲಿ ಏರಿದ ಮೀನಿನ ಹೆಂಗಸೊಬ್ಬಳು ತನ್ನ ಬುಟ್ಟಿಯನ್ನು ಸಾಗವಾನಿಯ ಮೇಲಿಟ್ಟಳು. ಕುರ್ಲಾದಲ್ಲಿ ಅವಳು ಇಳಿಯುವವರೆಗೂ ಚಂದ್ರಾಮ ಬುಟ್ಟಿಯಿಂದ ನೀರು ತೊಟ್ಟಿಕ್ಕುವ ಕಡೆಗೆ ತನ್ನ ಅಂಗೈ ಚಾಚಿ ನಿಂತಿದ್ದ.

ಚಾಳಿನಲ್ಲಿ ಜನ ಕಾದೇ ಇದ್ದರು. ಎದುರು ಕೋಣೆಯ ಬಾಷಾ ವೈರಮನ್. ಅವನು ತಾನಾಗಿಯೇ ಬಂದು ದೀಪದ ಹೋಲ್ಡರಿನಿಂದ ವೈರು ಎಳೆದು ಕರೆಂಟು ಕೊಟ್ಟ. ಪಕ್ಕದ ಅಂಬವ್ವ ಎಲ್ಲರಿಗಿಂತ ಮುಂದೆ ಚಾಪೆ ಹಾಸಿಕೊಂಡು ಕೂತಳು. ಮುದುಕಿಗೆ ಚಾಳಿನ ಆಗುಹೋಗುಗಳೆಲ್ಲ ತನ್ನ ಅಪ್ಪಣೆಯಿಂದಲೇ ನಡೆಯುತ್ತವೆಂಬ ಭಾವನೆ. ಕಟ್ಟಡದ ಕೆಲಸದ ಆಳುಗಳ ಮೇಲೆ ಮುಕಾದಮನಾಗಿದ್ದ ನಿಂಗಣ್ಣ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಅದಕ್ಕೆ ಕಾರಣವಿತ್ತು. ಹೋದ ಶ್ರಾವಣದಲ್ಲಿ ಚಾಳಿನ ಅಂಗಳದಲ್ಲಿ ನಡೆದ ಭಜನೆಯನ್ನು ಚಂದ್ರಾಮ ಟೇಪು ಮಾಡಿದ್ದ. ಹಾಡಿದವನು ನಿಂಗಣ್ಣ, ಹಾರ್ಮೋನಿಯಂ ನುಡಿಸಿದವನು ಬಾಷಾ. ಚಂದ್ರಾಮ ತಾನೇ ಹಿಡಿದು ತಾನೇ ಹದ ಮಾಡಿದ ಮೊದಲ ಕೆಲಸ ಅದು. ಮನೆಯಲ್ಲಿ ಯಂತ್ರವಿಲ್ಲದ್ದರಿಂದ ಚಾಳಿನವರು ಅದನ್ನು ಈ ತನಕ ಕೇಳಿರಲಿಲ್ಲ.

ಮೊದಲು ಆ ಟೇಪನ್ನು ಸಾಗವಾನಿಯಲ್ಲಿ ಹಾಕಿದ. ಕೋಣೆಯೇ ದೇವಸ್ಥಾನವಾಯಿತು. ನಿಂಗಣ್ಣನ ದನಿ ಕಂಬಳಿಯಂತೆ ಬೆಚ್ಚಗೆ ಎಲ್ಲರ ಮೇಲೂ ಹರಡಿಕೊಂಡಿತು. ಹಿನ್ನೆಲೆಯಲ್ಲಿ ಹೆಂಗಸರ ಗುಸುಗುಸು ಪಾರಿವಾಳ ಗುಟುರಿದಂತೆ ಕೇಳಿ ಇನ್ನಷ್ಟು ಶೋಭೆ ತಂದಿತು. ಅಂಬವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಿಂಗಣ್ಣಾ, ಇಷ್ಟು ಬೆಣ್ಣಿ ಇತ್ತೇನೋ ನಿನ್ನ ಕೊರಳಾಗ? ದಿನಾ ಎಲ್ಲಿ ಮುಚ್ಚಿಟ್ಟಿರ್ತಿ?”

“ನನಗೇ ಗೊತ್ತಿದ್ದಿಲ್ಲ ನೋಡವ್ವಾ,” ಎಂದ ನಿಂಗಣ್ಣ. ಅಂಗಿಯ ಮೇಲಿನ ಗುಂಡಿ ತಾನಾಗಿ ಬಿಚ್ಚಿಕೊಳ್ಳುವಷ್ಟು ಅವನ ಎದೆ ಉಬ್ಬಿತ್ತು.

ಚಂದ್ರಾಮ ವೈರು ಬದಲಿಸಿ ಅದೇ ಭಜನೆಯ ಪದವನ್ನು ಕರಿಯದರಲ್ಲಿ ಹಾಕಿದ.

ದೇವಸ್ಥಾನ ಮಾಯವಾಗಿ ಚಾಳಿನ ಅಂಗಳ ಬಂತು. ನಿಂಗಣ್ಣ ಶ್ರುತಿಯನ್ನು ಹುಡುಕುತ್ತ ಓಡಾಡುವುದು ಕೇಳಿತು. ಎರಡು ಸಾಲುಗಳ ನಡುವೆ ಅವನು ಚಹಾ ಹೀರಿದ್ದು ಕೇಳಿತು. ಆಮೇಲೆ ತಾಳದ ಕೆಳಗಿನಿಂದ, ಕಿವಿಯ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ವಚ್ಛವಾಗಿ, ಅಂಬವ್ವನ ದನಿ ಎದ್ದಿತು: “ಅಕ್ಕು ಮಾಡಿದ ಪ್ರಸಾದದ ಸಜ್ಜಕ ನೋಡಿದೇನ? ತಳ ಹತ್ಯದ. ಮ್ಯಾಲಿಂದ ಮ್ಯಾಲಿಂದ ತೆಗದು ಕೊಡ್ಲಿಕ್ಕತ್ಯಾಳ.”

ಎಲ್ಲರ ಕಣ್ಣೂ ಒಲೆಯ ಕಡೆ ತಿರುಗಿತು. ಟೇಪಿನಲ್ಲಿ ನಿಂಗಣ್ಣ ಮಾತ್ರ ದೇವರನ್ನು ಕರೆಯುತ್ತಲೇ ಇದ್ದ. ಚಹಾದ ಪಾತ್ರೆ ಹಿಡಿದು ಒಲೆಯ ಬಳಿ ನಿಂತಿದ್ದ ಅಕ್ಕು ಅದನ್ನು ನಿಧಾನವಾಗಿ ಕೆಳಗಿಟ್ಟಳು.

“ತಳ ಹತ್ತಿತ್ತಂದ್ರ ಎರಡು ಸಲ ಯಾಕ ಇಸ್ಕೊಂಡ್ರಿ, ಅಂಬವ್ವತ್ತಿ?”

“ಅದು ನನ್ನ ದನಿ ಅಲ್ಲವ್ವಾ,” ಎಂದಳು ಅಂಬವ್ವ. “ಈ ಕರಿ ಡಬ್ಬಿ ತನ್ನ ಮನಸ್ಸಿಂದ ಹುಟ್ಟಿಸಿ ಹೇಳ್ತದ.”

ಬಾಷಾ ಗೋಡೆಗೊರಗಿ ನಗುತ್ತಿದ್ದ. ನಗು ಮುಗಿಯುವ ಮೊದಲೇ ಟೇಪಿನಲ್ಲಿ ಹಾಡು ನಿಂತು ಹಾರ್ಮೋನಿಯಂ ಒಂದೇ ಉಳಿಯಿತು. ಆ ಬಿಡುವಿನಲ್ಲಿ ನಿಂಗಣ್ಣ ಪಕ್ಕದವನಿಗೆ ಪಿಸುಗುಟ್ಟಿದ್ದು ಹೊರಬಂತು: “ಇಂವ ಬಾಷಾ ಪೇಟಿ ಬಾರಸ್ತಾನೋ, ಸ್ಟೋಕ್ಕ ಪಂಪ್ ಹೊಡೀತಾನೋ?”

ಬಾಷಾನ ನಗು ನಿಂತಿತು. “ಅರೆ ಕಾಕಾ, ಇಷ್ಟು ದಿವಸ ವಾಹ್ ವಾಹ್ ಅಂದ್ರಲ್ಲಾ, ಅದು ಯಾರಿಗ್ರಿ?”

ನಿಂಗಣ್ಣ ಬಿಚ್ಚಿಕೊಂಡ ಗುಂಡಿಯನ್ನು ಹಾಕಿಕೊಂಡ.

ಇನ್ನು ಜನರೆಲ್ಲ ಎದ್ದು ಹೋಗುತ್ತಾರೆ, ತನ್ನ ಪರೀಕ್ಷೆ ಮುಗಿಯಿತು ಎಂದುಕೊಂಡ ಚಂದ್ರಾಮ. ಯಾರೂ ಏಳಲಿಲ್ಲ. ಬಾಗಿಲಲ್ಲಿ ನಿಂತವರು ಮುಂದೇನಿದೆ ಹಾಕು ಎಂದರು. ಕೇಳಿದವರು ಮತ್ತೊಮ್ಮೆ ಹಾಕು ಎಂದರು. ಸುದ್ದಿ ಹಿಂದಿನ ಸಾಲಿನ ಚಾಳಿಗೂ ಮುಟ್ಟಿ, ಶ್ರಾವಣದ ಆ ದಿನ ಅಂಗಳದಲ್ಲಿ ಬಾಯಿ ತೆರೆದಿದ್ದವರೆಲ್ಲ ತಾವೇನಾದರೂ ಅಂದದ್ದು ಇದೆಯೋ ಎಂದು ತಿಳಿಯಲು ಓಡಿ ಬಂದರು. ಒಬ್ಬನು ಅತ್ತೆಯ ಬಗ್ಗೆ ಅಂದದ್ದು ಸಿಕ್ಕಿತು. ಅತ್ತೆ ಅಳಿಯನ ಬಗ್ಗೆ ಅಂದದ್ದೂ ಸ್ವಲ್ಪ ಮುಂದೆ ಸಿಕ್ಕಿತು. ಇಬ್ಬರೂ ಅಕ್ಕಪಕ್ಕದಲ್ಲೇ ಕೂತು ಕೇಳಿದರು. ಎರಡು ಮನೆಯಲ್ಲಿ ಬೇಳೆ ಸೀದ ವಾಸನೆ ಬಂದರೂ ಯಾರೂ ಮೇಲೇಳಲಿಲ್ಲ.

ಚಂದ್ರಾಮ ಕೆಲಸ ಮರೆತಿರಲಿಲ್ಲ. ಒಂದೂವರೆಗೆ ಎದ್ದು ನಿಂತು, ಯಾವ ಜೊತೆ ಚೆಂದ, ಕೈ ಎತ್ತಿ ಹೇಳಿ ಎಂದ. ನಿಂಗಣ್ಣ ಸಾಗವಾನಿಗೆ ಎರಡೂ ಕೈ ಎತ್ತಿದ. ಸಾಗವಾನಿ ಮರ್ಯಾದಸ್ಥರ ಡಬ್ಬಿ, ಕರಿಯದು ಚಾಡಿಕೋರ ಎಂದು ಅಂಬವ್ವ ತೀರ್ಪು ಕೊಟ್ಟಳು. ಅಕ್ಕು ಒಬ್ಬಳ ಹೊರತು ಎಲ್ಲರ ಕೈಯೂ ಸಾಗವಾನಿಯ ಕಡೆಗೇ ಎದ್ದಿತು.

ಎಣಿಸುತ್ತ ಎಣಿಸುತ್ತ ಚಂದ್ರಾಮನಿಗೆ ಒಂದು ವಿಷಯ ಕಂಡಿತು. ಕೈಗಳೆಲ್ಲ ಸಾಗವಾನಿಗೆ ಎದ್ದಿದ್ದವು, ಆದರೆ ಜನ ಕೂತದ್ದು ಕರಿಯದರ ಮುಂದೆ, ಒಬ್ಬರ ಮಡಿಲಲ್ಲಿ ಒಬ್ಬರು. ಸಾಗವಾನಿಯ ಎದುರು ಚಾಪೆ ಖಾಲಿ ಬಿದ್ದಿತ್ತು. ಅಲ್ಲಿ ಒಂದು ಬೆಕ್ಕು ಮಾತ್ರ ಮಲಗಿತ್ತು. ಹಾಗಾದರೆ ಮಜಾ ಎಂದರೇನು? ಇಷ್ಟು ಹೊತ್ತು ಊಟ ನೀರು ಬಿಟ್ಟು ಇವರು ಕೇಳಿದ್ದು ಯಾವುದನ್ನು? ತಪ್ಪು ತೋರಿಸುವ ಜೊತೆಯೇ ಮಜಾ ಕೊಡುವ ಜೊತೆ. ಶೇಠರು ಎರಡು ಎಂದುಕೊಂಡದ್ದು ಒಂದೇ. ಪಿಂಟೊ ಹನ್ನೊಂದು ವರ್ಷದಲ್ಲಿ ಕಾಣದ್ದು ತನಗೆ ಒಂದು ಮಧ್ಯಾಹ್ನದಲ್ಲಿ ಕಂಡಿತೆಂದು ಅವನಿಗೆ ಮೈ ಜುಮ್ಮೆಂದಿತು.

ಹೊರಡಲು ವೈರು ಬಿಚ್ಚಿ ತಿರುಗುವಷ್ಟರಲ್ಲಿ ಅಂಬವ್ವ ಕರಿಯ ಪೆಟ್ಟಿಗೆಯೊಂದರ ಮೇಲೆ ಹತ್ತಿ ಕೂತಿದ್ದಳು.

“ಅದರಾಗಿಂದು ಅಳಸು, ತಮ್ಮಾ. ಅಳಸೋತನ ಏಳಂಗಿಲ್ಲ.”

“ಅತ್ತಿ, ಐದಕ್ಕ ಫೋರ್ಟಿನಾಗ ಇರಬೇಕ್ರಿ.”

“ನಾ ಏನು ನಿನಗ ಹಿಡದೀನಾ? ನೀ ಹೋಗು. ಡಬ್ಬಿ ಇಲ್ಲೇ ಇರ್ತದ.”

ನಿಂಗಣ್ಣ ಇನ್ನೊಂದು ಪೆಟ್ಟಿಗೆಯ ಮೇಲೆ ಕೂತ. ಅತ್ತೆ ಅಳಿಯಂದಿರೂ ಅಂಬವ್ವನ ಪಕ್ಷ ಸೇರಿದರು. ಗಂಟೆ ಎರಡು ಹೊಡೆಯಿತು, ಎರಡೂಕಾಲಾಯಿತು. ಚಂದ್ರಾಮ ಟೇಪಿನ ಸುರುಳಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಅವನದೇ ಎನ್ನಲು ಒಂಬತ್ತು ವರ್ಷದಲ್ಲಿ ಆದದ್ದು ಅದೊಂದೇ. ಅಕ್ಕು ಹತ್ತಿರ ಬಂದು ಮೆಲ್ಲಗೆ, “ಹೋಗಲಿ ಬಿಡ್ರಿ. ಖುರ್ಚಿ ಸಿಕ್ಕರ ಇಂಥಾವು ನೂರು ಮಾಡ್ತೀರಿ,” ಎಂದಳು. ಸಜ್ಜಕದ ಮಾತು ಅಳಿಸಿಹೋಗಲೆಂಬ ಆಸೆ ಅವಳಿಗೂ ಇದ್ದಿರಬಹುದು.

ಮೈಕು ಕಿತ್ತು ರೆಕಾರ್ಡಿನ ಗುಂಡಿ ಒತ್ತಿದರೆ ಹಳೆಯದರ ಮೇಲೆ ಮೌನ ಹತ್ತುತ್ತದೆ. ಚಂದ್ರಾಮ ಒತ್ತಿದ. ಇಪ್ಪತ್ತೈದು ನಿಮಿಷ ಸುರುಳಿ ತಿರುಗಿತು, ಮೂವತ್ತು ಜನ ಅದನ್ನು ಕಾವಲು ಕಾದರು. ಆಮೇಲೆ ಅಂಬವ್ವನಿಗೆ ನಂಬಿಕೆ ಬರಲೆಂದು ಖಾಲಿ ಟೇಪನ್ನು ಎರಡರಲ್ಲೂ ಕೇಳಿಸಿದ. ಸಾಗವಾನಿ ಏನೂ ಇಲ್ಲದಾಗಲೂ ಹೊಟ್ಟೆಯೊಳಗೆ ಜೀರುಂಡೆ ಇಟ್ಟುಕೊಂಡಂತೆ ಗುಂಯ್ ಎನ್ನುತ್ತಿತ್ತು. ಕರಿಯ ಜೊತೆ ಸುಮ್ಮನಿತ್ತು. ಅಂಥ ಮೌನವನ್ನು ಚಂದ್ರಾಮ ಭಾಂಡುಪಿನಲ್ಲಿ ಎಂದೂ ಕೇಳಿರಲಿಲ್ಲ. ತನ್ನ ಆಯ್ಕೆ ಸರಿ ಎಂಬುದು ಅವನಿಗೆ ಆ ಕ್ಷಣ ಮೂಳೆಯವರೆಗೆ ತಿಳಿಯಿತು. ಹಾಡು ಹೋದ ದುಃಖವೂ ಅದರೊಳಗೇ ಎಲ್ಲೋ ಇಳಿದುಹೋಯಿತು. ಚಾಳಿನವರ ಮುಖ ಮಾತ್ರ ಸಿನೆಮಾ ಅರ್ಧಕ್ಕೆ ನಿಂತವರಂತೆ ಸಪ್ಪಗಾಗಿತ್ತು.

ಹೊರಡುವಾಗ ಎಲ್ಲರೂ ಒಂದೊಂದು ಹೊರೆ ಹಿಡಿದು ಸ್ಟೇಶನ್ನಿನವರೆಗೆ ಬಂದರು. ಬಾಷಾ ಕರಿಯ ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಸಾಗವಾನಿ ಹೊತ್ತ ನಿಂಗಣ್ಣನಿಂದ ಹತ್ತು ಹೆಜ್ಜೆ ದೂರವಿಟ್ಟುಕೊಂಡು ನಡೆದ. ಖುರ್ಚಿ ಸಿಕ್ಕ ದಿನ ಸಜ್ಜಕ ತಾನೇ ಮಾಡುವುದಾಗಿ ಅಂಬವ್ವ ಸಾರಿದಳು. ಮದುಮಗನನ್ನು ಕಳಿಸಿದಂತೆ ಕಳಿಸಿದರು.

ಐದಕ್ಕೆ ಸರಿಯಾಗಿ ಎರಡೂ ಜೊತೆ ಫೋರ್ಟಿನ ಕೋಣೆಯಲ್ಲಿದ್ದವು. ಶೇಠರು ತಮ್ಮ ಮೈದುನನೊಂದಿಗೆ ಸೋಫಾದಲ್ಲಿ ಕಾದಿದ್ದರು. ಚಂದ್ರಾಮ ಎದುರು ನಿಂತು, ಜೀವನದಲ್ಲಿ ಮೊದಲ ಸಲ ಅವರ ಮುಂದೆ ಗಂಟಲು ಬಿಚ್ಚಿ, ಕರಿಯ ಜೊತೆ ಇರಲಿ ಎಂದ. ಕಾರಣ ಕೇಳಿದ್ದಕ್ಕೆ, ಕೇಳಿ ನೋಡಿ ಸಾಹೇಬರೇ ಎಂದಷ್ಟೇ ಹೇಳಿದ.

ಹಿಂದಿನ ವಾರದ ತಲೆಗೆಣ್ಣೆಯ ಜಾಹೀರಾತಿನ ಎರಡೂ ಟೇಪುಗಳನ್ನು ಒಟ್ಟಿಗೆ ಹಾಕಿದ. ತಿಂಗಳಿಂದ ಮಿಕ್ಸಿಂಗ್ ಎಲ್ಲ ನಿಂತಿದ್ದರಿಂದ ಅದು ಹದ ಮಾಡದೆ ಹಸಿಯಾಗಿಯೇ ಇತ್ತು. ಶೇಠರು ಎಂದಿನಂತೆ ಕಣ್ಣು ಮುಚ್ಚಿ ತಲೆಯಾಡಿಸಲು ಸಿದ್ಧರಾದರು. ತಲೆ ಆಡಲಿಲ್ಲ. ಕಣ್ಣು ತೆರೆದುಕೊಂಡಿತು.

“ಅದೇನು, ಅಲ್ಲಿ? ಸರ್ ಅಂದಿತು.”

“ಹೇಳುವವರು ಕಾಗದ ತಿರುಗಿಸಿದ್ದು.”

“ಈಗ, ಟಕ್ ಅಂದಿತಲ್ಲ?”

“ಅವರ ಕಟ್ಟಿಸಿದ ಹಲ್ಲು, ಸಾಹೇಬರೇ.”

ಶೇಠರು ಎದ್ದು ಬಂದು ಸ್ಪೀಕರಿನ ಮುಂದೆ ಮೊಣಕಾಲೂರಿದರು. ಪಿಟೀಲು ಮಾತಿನ ಮೇಲೆ ಹತ್ತಿ ಕೂತಿದೆ ಎಂದು ತಾವೇ ಹೇಳಿದರು. ತಬಲ ಹಿಂದೆ ಸರಿಯಬೇಕು ಎಂದರು. ಹೇಳಿದ್ದೆರಡೂ ಸರಿಯಾಗಿತ್ತು. ಅವರ ಮುಖ ಹೊಸ ಕನ್ನಡಕ ಹಾಕಿಕೊಂಡು ಬೀದಿಯ ಬೋರ್ಡುಗಳನ್ನೆಲ್ಲ ಓದುತ್ತ ಹೋಗುವವನ ಮುಖವಾಗಿತ್ತು. ಇನ್ನೊಮ್ಮೆ, ಇನ್ನೊಮ್ಮೆ ಎಂದು ಆರು ಸಲ ಹಾಕಿಸಿದರು. ಚಂದ್ರಾಮ ಕೈಕಟ್ಟಿ ನಿಂತು ನೋಡುತ್ತಿದ್ದ. ಕಿವಿಯಿಲ್ಲದವರಿಗೆ ಕಿವಿ ಬರಿಸಿದ್ದೇನೆ ಎಂಬ ಹೆಮ್ಮೆಗೆ ಅವನ ಕಣ್ಣು ಮಂಜಾಯಿತು.

“ಹನ್ನೊಂದು ವರ್ಷ,” ಎಂದರು ಶೇಠರು ಮೈದುನನ ಕಡೆ ತಿರುಗಿ. “ಹನ್ನೊಂದು ವರ್ಷ ಪಿಂಟೊ ಹೇಳಿದ್ದನ್ನು ನಂಬಿಕೊಂಡು ಕೂತೆ. ನನಗೆ ಏನೂ ಕೇಳುತ್ತಿರಲಿಲ್ಲ. ಈ ಹುಡುಗ ಆರಿಸಿದ್ದು ನೋಡು. ಇದರಲ್ಲಿ ನನಗೇ ಎಲ್ಲ ಕೇಳುತ್ತದೆ.”

ಹೇಳುತ್ತ ಹೇಳುತ್ತ ಪಿಂಟೊನ ಖುರ್ಚಿಯನ್ನು ಎಳೆದುಕೊಂಡು ಕೂತರು. ಒಂದು ಸುತ್ತು ತಿರುಗಿದರು. ಪಿಟೀಲಿನ ಟೇಪಿನ ಗುಂಡಿ ಯಾವುದೆಂದು ಕೇಳಿ ತಿಳಿದು, ಸ್ವಲ್ಪ ಇಳಿಸಿದರು. ಪಿಟೀಲು ವಿನಯದಿಂದ ಮಾತಿನ ಹಿಂದೆ ಹೋಗಿ ನಿಂತಿತು.

“ಇನ್ನು ಬೇರೆಯವರು ಯಾಕೆ, ಚಂದ್ರಾಮ್?” ಎಂದರು ಪ್ರೀತಿಯಿಂದ. “ಖುರ್ಚಿಯ ವಿಚಾರ ತೀರ್ಮಾನವಾಯಿತು. ನಾನೇ ಕೂರುತ್ತೇನೆ.”

ಚಂದ್ರಾಮ ಬಾಯಿ ತೆರೆದು ಮುಚ್ಚಿದ. ಅದು ಆ ಸ್ಪೀಕರಿನಲ್ಲಾಗಿದ್ದರೆ ಕೇಳುತ್ತಿತ್ತು.

ಶೇಠರು ಅವನನ್ನು ಮರೆತಿರಲಿಲ್ಲ. ಇಂಥ ಆರಿಸುವ ಗುಣ ಇರುವವನನ್ನು ಕಟ್ಟಿಹಾಕಿ ಕೂರಿಸುವುದು ತಪ್ಪೆಂದು ಅವರೇ ಅಂದರು. ಮೈದುನನಿಗೂ ಮನೆಗೊಂದು ಜೊತೆ ಬೇಕಾಗಿತ್ತು, ಅವನ ಇಬ್ಬರು ಗೆಳೆಯರಿಗೂ. ಮುಂದಿನ ಭಾನುವಾರಕ್ಕೆ ಐದಾರು ಜೊತೆ ತರಿಸುವುದು, ಚಂದ್ರಾಮ ಅವನ್ನೆಲ್ಲ ಭಾಂಡುಪಿಗೆ ಒಯ್ದು ಪರೀಕ್ಷಿಸಿ ತರುವುದು ಎಂದು ಅವನೆದುರೇ ನಿಶ್ಚಯವಾಯಿತು. ಸದ್ಯಕ್ಕೆ ಸಾಗವಾನಿಯ ಜೊತೆಯನ್ನು ವಿಲೆ ಪಾರ್ಲೆಗೆ ಮುಟ್ಟಿಸಬೇಕಾಗಿತ್ತು. ವ್ಯಾಪಾರಿ ಕಾಯುತ್ತಿದ್ದ.

ಚರ್ಚ್‌ಗೇಟಿನಿಂದ ಹೊರಟ ಲೋಕಲ್ಲಿನಲ್ಲಿ ಭಾನುವಾರದ ಸುತ್ತಾಟ ಮುಗಿಸಿದವರ ಗದ್ದಲ. ಲಗೇಜ್ ಡಬ್ಬಿಯಲ್ಲೂ ಕಾಲಿಡಲು ಜಾಗವಿರಲಿಲ್ಲ. ಚಂದ್ರಾಮ ಒಂದು ಪೆಟ್ಟಿಗೆಯನ್ನು ಎರಡು ಕಾಲುಗಳ ನಡುವೆ ಇರಿಸಿ, ಇನ್ನೊಂದನ್ನು ತಲೆಯ ಮೇಲೆ ಹೊತ್ತು ನಿಂತಿದ್ದ. ಖಾಲಿ ಹಾಲಿನ ಡಬ್ಬಗಳ ನಡುವೆ ಕೂತಿದ್ದ ಹಾಲು ಮಾರುವ ಭಯ್ಯಾ ಒಬ್ಬ ದಾದರ್ ತನಕ ಆ ಹೊಳೆಯುವ ಕಟ್ಟಿಗೆಯನ್ನೇ ನೋಡುತ್ತಿದ್ದು, ಕೊನೆಗೆ ತಡೆಯಲಾರದೆ, ಬಹಳ ಬೆಲೆಬಾಳುವ ಸಾಮಾನು ಇದ್ದಂತಿದೆ, ಏನು ಇದು ಎಂದು ಕೇಳಿದ.

ಚಂದ್ರಾಮ ಕತ್ತು ನೆಟ್ಟಗೆ ಮಾಡಿಕೊಂಡ.

“ಇದು ನಾನು ಬೇಡವೆಂದು ತೆಗೆದುಹಾಕಿದ್ದು,” ಎಂದ.